ಬಟ್ಟೆ ಒಗೆಯುವವಳ ಪುಸ್ತಕದ ಬಗ್ಗೆ ನಾನು ಬರೆದ ಅಭಿಪ್ರಾಯ

ಗಜೇಂದ್ರಗಡದ ಗುಡ್ಡ,
ಎರಡನೆಯ ಕಾರ್ತಿಕದ ಮೂವತ್ತೆಂಟನೆಯ ದಿನ, ೨೩೪೭

ಆ ಚಿತ್ರಗಳನ್ನು ಬಿಡಿಸಿದವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಹೆಣ್ಣೋ ಗಂಡೋ ಎಂಬುದೂ ತಿಳಿಯದು. ಪುಸ್ತಕ ನಮ್ಮ ಕೈಗೆ ಬರುವಾಗ ಅದರ ರಟ್ಟು, ಮೊದಲ ನಾಲ್ಕು ಹಾಳೆ ಗೆದ್ದಲಿನ ಪಾಲಾಗಿದ್ದವು. ಮೇಲಿನ ತಾರೀಖು ನಿಮಗೆ ತಪ್ಪೆನಿಸಬಹುದು. ಬೇಸಿಗೆ ಬೆಳೆದಂತೆಲ್ಲ ನಮ್ಮ ಹಿರಿಯರು ತಿಂಗಳುಗಳನ್ನೂ ಹಿಗ್ಗಿಸಿದರು. ಈಗ ಕಾರ್ತಿಕ ಎರಡು ಸಲ ಬರುತ್ತದೆ, ಎರಡು ಸಲವೂ ಸುಡುತ್ತದೆ. ನನ್ನ ಮಾತೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕಾದಂಬರಿಗಳಿಂದ. ಹಾಗಾಗಿ ಒಮ್ಮೊಮ್ಮೆ ಪ್ರೇಮಿಯ ಹಾಗೆ, ಒಮ್ಮೊಮ್ಮೆ ಪೊಲೀಸ್ ಇನ್ಸ್‌ಪೆಕ್ಟರನ ಹಾಗೆ ಬರೆದುಬಿಡುತ್ತೇನೆ.

ನಾನು ಸಾವಂತ್ರೆವ್ವ. ವಯಸ್ಸು ಅರವತ್ತೊಂದು. ಈ ಗುಡ್ಡದ ಓದುಮನೆಯಲ್ಲಿ ಮೂವತ್ತು ವರ್ಷದಿಂದ ಓದುಗಾರ್ತಿ. ಈ ಹುದ್ದೆ ನಿಮ್ಮಲ್ಲಿ ಇರಲಿಕ್ಕಿಲ್ಲ, ಅದಕ್ಕೆ ವಿವರಿಸುತ್ತೇನೆ. ಗುಡ್ಡದ ಮೇಲೆ ನಿಮ್ಮವರು ನೆಟ್ಟ ಗಾಳಿಕಂಬಗಳು ಬಿದ್ದು ತಲೆಮಾರುಗಳೇ ಕಳೆದಿವೆ. ಅವುಗಳ ರೆಕ್ಕೆಗಳನ್ನು ಬೋರಲು ಹಾಕಿ ಕಟ್ಟಿದ ಉದ್ದನೆಯ ಮನೆಗಳಲ್ಲಿ ನಾವು ವಾಸವಾಗಿದ್ದೇವೆ. ಜೋಳ ಇನ್ನೂ ಬೆಳೆಯುತ್ತದೆ, ಹತ್ತಿ ಬೆಳೆಯುತ್ತದೆ, ಮಗ್ಗಗಳಿವೆ. ಕಾಗದ ಮಾತ್ರ ಇಲ್ಲ. ಕೆಳಗಿನ ಹಳೆಯ ಊರಿನ ಮುಚ್ಚಿದ ಮನೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಪುಸ್ತಕಗಳು ಸಿಗುತ್ತವೆ. ಹೆಚ್ಚಿನವನ್ನು ನಾವು ಒಂದೋದು ಎನ್ನುತ್ತೇವೆ. ಹಾಳೆಗಳು ಒಂದಕ್ಕೊಂದು ಅಂಟಿ ಜೀರ್ಣವಾಗಿರುತ್ತವೆ. ಬಿದಿರಿನ ಚಕ್ಕೆಯಿಂದ ಒಂದೊಂದನ್ನೇ ಬಿಡಿಸಿ ಓದಬೇಕು. ಒಮ್ಮೆ ಗಾಳಿಗೆ ತೆರೆದುಕೊಂಡ ಪುಟ ಒಂದೂವರೆ ತಿಂಗಳೊಳಗೆ ಪುಡಿಯಾಗುತ್ತದೆ. ಅಷ್ಟರಲ್ಲಿ ಓದುಗಾರ್ತಿ ತನ್ನ ಅಭಿಪ್ರಾಯ ಬರೆದು ಸಭೆಯಲ್ಲಿ ಓದಬೇಕು. ಸಭೆ ಒಪ್ಪಿದ ಪುಸ್ತಕವನ್ನು ನೇಕಾರರು ಬಟ್ಟೆಗೆ ಇಳಿಸುತ್ತಾರೆ. ವರ್ಷಕ್ಕೆ ಎರಡು ಪುಸ್ತಕಕ್ಕಾಗುವಷ್ಟೇ ನೂಲು. ಒಪ್ಪದ ಪುಸ್ತಕ ಅರೆಯುವ ಕಲ್ಲಿಗೆ ಹೋಗಿ, ಮತ್ತೊಂದರ ರಟ್ಟಾಗುತ್ತದೆ.

ಹೋದ ವರ್ಷ ಜ್ಯೇಷ್ಠದಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಐದು ಪುಸ್ತಕ. ಮೂರು ಕಾದಂಬರಿ, ಎರಡು ಚಿತ್ರಕಾದಂಬರಿ. ಒಂದೇ ವರ್ಷದಲ್ಲಿ ಐದು! ನನ್ನ ಜೀವಮಾನದಲ್ಲಿ ಅಂಥ ಸುಗ್ಗಿ ಬಂದಿರಲಿಲ್ಲ.

ಮೊದಲನೆಯದು ಮೂರು ತಲೆಮಾರಿನ ಒಂದು ವಕೀಲರ ಮನೆತನದ ಕಥೆ, ದಪ್ಪ ಪುಸ್ತಕ. ಬರೆದವರು ಪಾತ್ರಗಳಿಗಿಂತ ಮುಂಚೆ ತಾವೇ ಅತ್ತುಬಿಡುತ್ತಾರೆ ಎಂಬುದು ನನ್ನ ದೂರು. ಆದರೂ ಅದರಲ್ಲೊಬ್ಬ ಸೊಸೆ ನಲ್ಲಿ ತಿರುಗಿಸಿಟ್ಟು, ನೀರು ಹರಿಯಲು ಬಿಟ್ಟು, ಬೀದಿಯಲ್ಲಿ ಜಗಳ ನೋಡಲು ಹೋಗುತ್ತಾಳೆ. ಆ ಪುಟವನ್ನು ಸಭೆಯಲ್ಲಿ ಓದಿದಾಗ ಜಗಳವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. "ಮೊದಲ ನಳ ಬಂದ್ ಮಾಡಂತ ಹೇಳ್ರೀ ಆಕೀಗೆ!" ಎಂದು ಹಿಂದಿನಿಂದ ಒಬ್ಬಾಕೆ ಕೂಗಿದಳು. ಎರಡನೆಯದು ಒಂದೇ ಊರಿನಲ್ಲಿದ್ದೂ ಭೇಟಿಯಾಗದ ಇಬ್ಬರ ಪ್ರೇಮಕಥೆ. ಫೋನು ಎತ್ತಲಿಲ್ಲ ಎಂಬ ಕಾರಣಕ್ಕೆ ಹನ್ನೊಂದು ವರ್ಷ ದೂರವಿರುತ್ತಾರೆ. ಅವರಿಬ್ಬರ ಮೊಂಡುತನ ನನಗೆ ಇಷ್ಟವಾಯಿತು. ಮೂರನೆಯದು ಪತ್ತೇದಾರಿ. ಕೊನೆಯ ಹದಿನಾರು ಪುಟಗಳಿರಲಿಲ್ಲ. ಕೊಂದವರು ಯಾರೆಂದು ಗುಡ್ಡವೆಲ್ಲ ಎರಡು ತಿಂಗಳು ವಾದಿಸಿತು. ನಾನದಕ್ಕೆ ಒಳ್ಳೆಯ ಅಭಿಪ್ರಾಯ ಬರೆದೆ, ಅದು ಬಟ್ಟೆಗೂ ಇಳಿಯಿತು. ನಾಲ್ಕನೆಯದು ಬಣ್ಣದ ಚಿತ್ರಕಾದಂಬರಿ. ಕವಚ ತೊಟ್ಟ ವೀರರು, ಪ್ರತಿ ಚೌಕದಲ್ಲೂ ಗುಳ್ಳೆ ತುಂಬ ಮಾತು. ಅದನ್ನೂ ಹೊಗಳಿದೆ. ಮಾತು ಹೆಚ್ಚಿದ್ದರೆ ಸರಕು ಹೆಚ್ಚಿದೆ ಎಂಬುದು ಅಂದಿನ ನನ್ನ ಲೆಕ್ಕಾಚಾರ.

ಐದನೆಯದು ನಿಮ್ಮದು. ಕಪ್ಪು ಬಿಳುಪಿನ ತೊಂಬತ್ತು ಚಿಲ್ಲರೆ ಪುಟ. ಒಂದು ಆಸ್ಪತ್ರೆ, ಅದರ ಹಿಂದೆ ಬಟ್ಟೆ ಒಗೆಯುವ ಕೋಣೆ, ಅಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು. ಹಾಸಿಗೆಯ ಚಾದರಗಳು ಬರುತ್ತವೆ, ಒಗೆಯುತ್ತಾಳೆ, ಹಿಂಡುತ್ತಾಳೆ, ತಂತಿಯ ಮೇಲೆ ಹರವುತ್ತಾಳೆ. ಮರುದಿನ ಮತ್ತೆ ಬರುತ್ತವೆ. ಇಡೀ ಪುಸ್ತಕದಲ್ಲಿ ನಾನು ಎಣಿಸಿದ ಮಾತು ಮೂವತ್ತೇಳು.

ಅದನ್ನು ನಾನು ಒಬ್ಬಳೇ ಓದಲಿಲ್ಲ. ನನ್ನ ತಂಗಿ ಕಸ್ತೂರಿ ಪಕ್ಕದಲ್ಲಿದ್ದಳು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಗುಡ್ಡದ ಒಳ್ಳೆಯ ನೇಕಾರರಲ್ಲಿ ಒಬ್ಬಳು. ಓದು ಬರುತ್ತಿರಲಿಲ್ಲ. ಕಲಿಸಲಿಲ್ಲವೆಂದಲ್ಲ. ಅವ್ವ ಕಲಿಸಿದಳು, ನಾನು ಕಲಿಸಿದೆ, ಹೊಡೆದೂ ಕಲಿಸಿದೆ. ಅಕ್ಷರ ನೋಡಿದರೆ ಅವು ಇರುವೆಯ ಹಾಗೆ ಹರಿದಾಡುತ್ತವೆ ಎನ್ನುತ್ತಿದ್ದಳು. ಬಟ್ಟೆಗೆ ಪುಸ್ತಕ ಇಳಿಸುವಾಗಲೂ ಅಕ್ಷರಗಳನ್ನು ಬಳ್ಳಿ, ಹೂವಿನ ಹಾಗೆ ನೋಡಿಕೊಂಡೇ ನೇಯುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ, ಒಂದೂ ತಿಳಿಯುತ್ತಿರಲಿಲ್ಲ. ಆ ದಿನ ನನಗೆ ಮಜ್ಜಿಗೆ ಕೊಡಲು ಓದುಮನೆಗೆ ಬಂದವಳು, ಬಿಡಿಸಿಟ್ಟ ಪುಟದ ಮುಂದೆ ನಿಂತುಬಿಟ್ಟಳು.

"ಇದರಾಗ ಅಕ್ಷರ ಇಲ್ಲಲ್ಲಕ್ಕ!" ಎಂದಳು.

"ಹೂಂ. ಬರೇ ಗೊಂಬಿ," ಎಂದೆ.

"ಮತ್ತ ನಾನೂ ಓದ್ಲೇನ?"

ಓದುಗಾರ್ತಿಯಲ್ಲದವರು ಒಂದೋದಿನ ಮುಂದೆ ಕೂರುವಂತಿಲ್ಲ, ಉಸಿರಿನ ಹಬೆಗೂ ಹಾಳೆ ಸುರುಟುತ್ತದೆ. ಆದರೂ ಒಪ್ಪಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ನಾಲ್ಕು ದಿನ ಮಗ್ಗ ಬಿಟ್ಟು ಬಂದಳು. ನಾನು ಪುಟ ಬಿಡಿಸುವುದು ಬೇಗ, ಅವಳು ನೋಡುವುದು ನಿಧಾನ. "ತಡೀ, ಹೊಳ್ಳಿಸಬ್ಯಾಡ," ಎಂದು ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಏನಿದೆ ಅದರಲ್ಲಿ ಎಂದು ಕೇಳಿದರೆ, "ಆಕಿ ಕೈ ನೋಡು, ಇವತ್ತು ಬ್ಯಾರೆ ಥರಾ ಹಿಂಡ್ಯಾಳ," ಎನ್ನುವಳು. ನನಗೆ ನಗು ಬರುತ್ತಿತ್ತು. ಒಗೆಯುವುದರಲ್ಲಿ ಬೇರೆ ಥರ ಏನು? ಮೂರನೆಯ ದಿನ ಒಂದು ಪುಟದ ಮುಂದೆ ಬಹಳ ಹೊತ್ತು ಕೂತಳು. ಬಾಯಿಗೆ ಕಟ್ಟಿದ ಬಟ್ಟೆ ಒದ್ದೆಯಾಗಿತ್ತು. ಸೆಕೆ ಎಂದುಕೊಂಡೆ.

ಪುಸ್ತಕ ಮುಗಿಯಿತು. ನಾನು ಅಭಿಪ್ರಾಯ ಬರೆದೆ. ಅದನ್ನು ಇಲ್ಲಿ ಹಾಗೆಯೇ ಇಳಿಸುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. "ಇದು ಕೈಚಳಕವುಳ್ಳವರ ಸೋಮಾರಿ ಕೆಲಸ. ಬಟ್ಟೆ ಬರುತ್ತದೆ, ಬಟ್ಟೆ ಹೋಗುತ್ತದೆ. ಕಥೆಯಿಲ್ಲ, ಮಾತಿಲ್ಲ, ಪಾತ್ರಕ್ಕೆ ಹೆಸರೂ ಇಲ್ಲ. ಕೊನೆಯ ಪುಟ: ಒಣಹಾಕಿದ ಬಟ್ಟೆ. ನೂಲು ವ್ಯರ್ಥ ಮಾಡುವುದು ಬೇಡ." ಬರೆದಾಗ ನನಗೆ ಸಂತೋಷವೇ ಆಗಿತ್ತು. ಚುರುಕಾಗಿ ಬರೆದೆನೆಂಬ ಸಂತೋಷ. ಬೈಗುಳ ಚೆನ್ನಾಗಿ ಕೂತಾಗ ಬರೆಯುವವರಿಗೆ ಆಗುವಂಥದ್ದು.

ಸಭೆಯಲ್ಲಿ ಓದಿದೆ. ಜನ ನಕ್ಕರು. ಮಗ್ಗದ ಮನೆಯ ಹಿರಿಯರಾದ ದಾವಲಸಾಬರು, "ಹಂಗಾರ ಅರಿಯೂ ಕಲ್ಲಿಗೆ ಹಾಕ್ರಿ," ಎಂದರು. ಕಸ್ತೂರಿ ನೇಕಾರರ ಸಾಲಿನಲ್ಲಿ ಕೂತಿದ್ದಳು. ಎದ್ದು ನಿಂತಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಅಕ್ಕ ತಪ್ಪು ಹೇಳ್ಯಾಳ್ರಿ," ಎಂದಳು. "ಅದರಾಗ ಕತಿ ಐತಿ."

"ಏನು ಕತಿ, ಹೇಳವಾ," ಎಂದರು ದಾವಲಸಾಬರು, ಸಮಾಧಾನದಿಂದಲೇ.

ಎಲ್ಲರೂ ನೋಡುತ್ತಿದ್ದರು. ಕೊನೆಗೆ "ಹೇಳಾಕ ಬರೂದಿಲ್ರಿ," ಎಂದು ಕೂತಳು. ನಾನು ಅವಳ ಪರವಾಗಿ ಒಂದು ಮಾತು ಆಡಬಹುದಿತ್ತು, ಇನ್ನೊಮ್ಮೆ ನೋಡೋಣ ಎನ್ನಬಹುದಿತ್ತು. ಅಕ್ಷರ ಬಾರದವಳು ಮೂವತ್ತು ವರ್ಷದ ಓದುಗಾರ್ತಿಯನ್ನು ತುಂಬಿದ ಸಭೆಯಲ್ಲಿ ತಪ್ಪೆಂದದ್ದು ನನಗೆ ನಾಟಿತ್ತು. ಸುಮ್ಮನಿದ್ದೆ. ಪುಸ್ತಕ ಆ ಮಧ್ಯಾಹ್ನವೇ ಅರೆಯುವ ಕಲ್ಲಿಗೆ ಹೋಯಿತು.

ಮೂರು ವಾರ ಅವಳು ನನ್ನೊಡನೆ ಮಾತಾಡಲಿಲ್ಲ. ನಾನೇ ಅವಳ ಮಗ್ಗದ ಬಳಿಗೆ ಹೋದೆ. ಹಾಸಿನ ಮೇಲೆ ಬಿಳಿ ನೂಲು, ಲಾಳಿಯಲ್ಲಿ ಕಪ್ಪು. ಅರ್ಧ ನೇಯ್ದ ಒಂದು ಚೌಕ, ಅದರಲ್ಲಿ ಒಂದು ತಂತಿ, ಸಾಲು ಚಾದರ. ತನ್ನ ಪಾಲಿಗೆ ಬಂದ ನೂಲಿನಲ್ಲಿ, ನೆನಪಿನಿಂದ ನಿಮ್ಮ ಪುಸ್ತಕವನ್ನು ನೇಯುತ್ತಿದ್ದಳು.

"ಕಡೀ ಪುಟ ಮೊದಲ ಮಾಡಾಕ್ಹತ್ತೀನಿ," ಎಂದಳು, ತಲೆ ಎತ್ತದೆ. "ನನ್ನ ಉಸಿರಿನ ಮ್ಯಾಲೆ ಭರವಸೆ ಇಲ್ಲ."

ಅವಳಿಗಾಗಲೇ ಅರಳೆಗೂಡು ಶುರುವಾಗಿತ್ತು. ಹತ್ತಿಯ ನವಿರು, ಗುಡ್ಡದ ಧೂಳು ಸೇರಿ ಎದೆಯೊಳಗೆ ಗೂಡು ಕಟ್ಟುವ ರೋಗವನ್ನು ನಾವು ಹಾಗೆ ಕರೆಯುತ್ತೇವೆ. ಅದಕ್ಕೆ ಮದ್ದಿಲ್ಲ.

ನಾನು ಪಕ್ಕದಲ್ಲಿ ಕೂತು, "ಏನು ಕತಿ ಅದು? ಈಗರ ಹೇಳು," ಎಂದೆ.

ಲಾಳಿ ಓಡಿಸುತ್ತಲೇ ಹೇಳಿದಳು. "ದೊಡ್ಡ ಚಾದರದ ನಡಕ ಒಂದು ಸಣ್ಣ ಚಾದರ ಬರತಿತ್ತು, ನೋಡಿದಿಲ್ಲ? ಕೂಸಿನ ಹಾಸಿಗೀದು. ಅಂಚಿಗೆ ಮೀನಿನ ಚಿತ್ರ. ದಿನಾ ಬರತಿತ್ತು. ಮೊದಮೊದಲ ಆಕಿ ಅದನ್ನೂ ಎಲ್ಲದರಂಗ ಒಗೀತಿದ್ಲು. ಆಮ್ಯಾಲ ಬ್ಯಾರೆ ಬೋಗಣಿಯೊಳಗ, ಮೆತ್ತಗ. ಕೂಸಿನ ಮಾರಿ ಆಕಿ ಒಮ್ಮಿನೂ ನೋಡಿಲ್ಲ. ಬರೇ ಚಾದರ ನೋಡೇ ಕೂಸಿಗೆ ಇವತ್ತು ಹೆಂಗೈತಿ ಅಂತ ತಿಳೀತಿದ್ಲು. ಒಂದಿನ ಅದು ಬರೂದು ನಿಂತತಿ. ಆಕಿ ಗಂಟೆಲ್ಲ ಬಿಚ್ಚಿ ಹುಡುಕತಾಳ. ಕಡೀಕ ತಂತಿ ಮ್ಯಾಲ ಎಲ್ಲಾ ಹರವಿ, ನಡಕ ಅದರ ಜಾಗ ಅಷ್ಟ ಖಾಲಿ ಬಿಡತಾಳ. ಅದ ಕತಿ."

ಕಸ್ತೂರಿಗೆ ತುಂಗಿ ಎಂಬ ಮಗಳಿದ್ದಳು. ಐದನೆಯ ವರ್ಷದಲ್ಲಿ ಜ್ವರ ಬಂದು ನಮ್ಮ ಆರೈಕೆಮನೆಯಲ್ಲಿ ಹನ್ನೆರಡು ದಿನ ಮಲಗಿ ತೀರಿಕೊಂಡಳು. ಅಂಟುರೋಗವೆಂದು ತಾಯಿಯನ್ನು ಒಳಗೆ ಬಿಡಲಿಲ್ಲ. ದಿನವೂ ಕಿಟಕಿಯಿಂದ ಹೊರಗೆ ಕೊಡುತ್ತಿದ್ದ ಮಗುವಿನ ಹಾಸನ್ನು ಕಸ್ತೂರಿ ಒಗೆದು ಕೊಡುತ್ತಿದ್ದಳು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆ ದಿನಗಳಲ್ಲಿ ನಾನು ಅವಳ ಜೊತೆಯೇ ಇದ್ದೆ. ನಿಮ್ಮ ಪುಸ್ತಕವನ್ನು ಓದುವಾಗಲೂ ಜೊತೆಯೇ ಇದ್ದೆ. ಎರಡನ್ನೂ ಕೂಡಿಸಿ ನೋಡಲು ನನ್ನಿಂದ ಆಗಲಿಲ್ಲ. ನಾನು ಮಾತು ಎಣಿಸುತ್ತಿದ್ದೆ.

"ತಪ್ಪಾತವ್ವಾ," ಎಂದೆ.

"ನಂಗ ಅಂದ್ರ ಏನ ಬಂತು," ಎಂದಳು ಕಸ್ತೂರಿ. "ಆ ಬಿಡಿಸಿದಾಂವಗ ಹೇಳು. ನಾ ಓದಿದ್ದು ಅದೊಂದ ಪುಸ್ತಕ."

ದಾವಲಸಾಬರ ಬಳಿ ಹೋಗಿ ನನ್ನ ಅಭಿಪ್ರಾಯ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಅವರು ನನ್ನನ್ನು ಕೂರಿಸಿ ನೀರು ಕೊಟ್ಟರು. "ಬಾಯೀ, ಪುಸ್ತಕನ ಇಲ್ಲ. ಏನು ಇಳಸೂಣು?" ಎಂದರು. ಆದರೆ ಕಸ್ತೂರಿಯ ಪಾಲಿಗೆ ಬೇಕಾದಷ್ಟು ನೂಲು ಬಿಡುವಂತೆ ಹೇಳಿ ಕಳಿಸಿದರು. ಆಮೇಲೆ ನಾನು ದಿನವೂ ಅವಳ ಮಗ್ಗದ ಬಳಿ ಕೂತೆ. ನೆನಪಿಗೆ ನನ್ನನ್ನೂ ಕೇಳುತ್ತಿದ್ದಳು. ಬೋಗಣಿ ಎಡಕ್ಕಿತ್ತೋ ಬಲಕ್ಕಿತ್ತೋ, ಬಾಗಿಲಲ್ಲಿ ಯಾರಾದರೂ ನಿಂತಿದ್ದರೋ. ನನಗೆ ಒಂದೂ ನೆನಪಿರಲಿಲ್ಲ. ಆ ಮೂವತ್ತೇಳು ಮಾತು ಮಾತ್ರ ಬಾಯಿಪಾಠವಾಗಿತ್ತು. ಅವನ್ನು ಹೇಳಿದೆ. "ಅವು ಬ್ಯಾಡ," ಎಂದಳು.

ಹದಿನಾಲ್ಕು ಪುಟ ನೇಯ್ದಳು. ಹದಿನೈದನೆಯದು ಮಗ್ಗದ ಮೇಲಿರುವಾಗ, ಮೊದಲನೆಯ ಕಾರ್ತಿಕದ ಒಂದು ಬೆಳಿಗ್ಗೆ, ಉಸಿರು ನಿಂತಿತು. ಅವಳ ಕೈ ನನ್ನ ಕೈಯಲ್ಲಿತ್ತು. ಕೊನೆಯ ಮಾತು ಏನೂ ಹೇಳಲಿಲ್ಲ. ಕಾದಂಬರಿಗಳಲ್ಲಿ ಹೇಳುತ್ತಾರೆ.

ಆ ಹದಿನಾಲ್ಕು ಬಟ್ಟೆಗಳು ಈಗ ಓದುಮನೆಯ ಗೋಡೆಯ ಮೇಲಿವೆ. ಜನ ಬಂದು ನಿಲ್ಲುತ್ತಾರೆ. ಕೆಲವರು ಬೇಗ ಹೋಗುತ್ತಾರೆ, ಕೆಲವರು ಹೋಗುವುದಿಲ್ಲ. ಕೊನೆಯ ಪುಟದಲ್ಲಿ ತಂತಿಯ ನಡುವೆ ಒಂದು ಗೇಣು ಖಾಲಿ ಇದೆ. ಆ ಖಾಲಿ ನಿಮ್ಮದೋ ನನ್ನ ತಂಗಿಯದೋ ನನಗೆ ತಿಳಿಯದು. ನಿಮ್ಮ ಪುಟವನ್ನು ಕಣ್ಣಾರೆ ಕಂಡು ಉಳಿದಿರುವವಳು ನಾನೊಬ್ಬಳೇ. ನಾನು ಕಂಡದ್ದು ಒಣಹಾಕಿದ ಬಟ್ಟೆಯನ್ನು ಮಾತ್ರ.

ಓದುಗಾರ್ತಿಯರು ಹುದ್ದೆ ಬಿಡುವಾಗ ಹಿಂದೋಲೆ ಬರೆಯುವುದು ನಮ್ಮಲ್ಲಿ ಪದ್ಧತಿ. ಪುಸ್ತಕ ಮಾಡಿದವರಿಗೆ, ಹಿಂದಿನ ಕಾಲಕ್ಕೆ, ಒಂದು ಪತ್ರ. ಅದು ತಲುಪುತ್ತದೆಂದು ನಂಬುವವರು ಯಾರೂ ಇಲ್ಲ, ಬರೆಯದೆ ಹೋದವರೂ ಯಾರೂ ಇಲ್ಲ. ನಾನು ಇವತ್ತು ಹುದ್ದೆ ಬಿಟ್ಟೆ.

ನೀವು ಆ ಪುಸ್ತಕವನ್ನು ಬಿಡಿಸಿ ಮುಗಿಸಿರಬಹುದು, ಇನ್ನೂ ಶುರು ಮಾಡದೆಯೂ ಇರಬಹುದು. ಶುರು ಮಾಡಿಲ್ಲವಾದರೆ ನನ್ನ ಮಾತು ಕೇಳಿ. ನನ್ನಂಥವರು ನಿಮ್ಮ ಕಾಲದಲ್ಲೂ ಇರುತ್ತಾರೆ. ಇದರಲ್ಲಿ ಕಥೆಯೆಲ್ಲಿದೆ ಎಂದು ಕೇಳುತ್ತಾರೆ, ಕೇಳಿದ್ದನ್ನು ಚೆಂದವಾಗಿ ಬರೆದೂ ಇಡುತ್ತಾರೆ. ಅವರಿಗೆ ಹೆದರಿ ಚೌಕಗಳಲ್ಲಿ ಮಾತು ತುಂಬಬೇಡಿ. ಸಿಟ್ಟಿಗೆದ್ದು ಹಾಳೆ ಹರಿಯಬೇಡಿ. ನಿಮ್ಮ ಲೆಕ್ಕದಲ್ಲಿ ನನ್ನ ತಂಗಿ ಇನ್ನೂ ಹುಟ್ಟಿಲ್ಲ. ತುಂಗಿಯೂ ಹುಟ್ಟಿಲ್ಲ, ಆದ್ದರಿಂದ ಸತ್ತೂ ಇಲ್ಲ. ಮುಂದೊಂದು ದಿನ ಗಜೇಂದ್ರಗಡದ ಗುಡ್ಡದ ಮೇಲೆ ಕಸ್ತೂರಿ ಎಂಬವಳು ಬರುತ್ತಾಳೆ. ಬದುಕಿನಲ್ಲಿ ಅವಳು ಓದುವುದು ಒಂದೇ ಒಂದು ಪುಸ್ತಕ. ದಯವಿಟ್ಟು ಅದನ್ನು ಬಿಡಿಸಿ.

ನಿಮ್ಮ,
ಸಾವಂತ್ರೆವ್ವ