ಹಿಂತಿರುಗಿ ನೋಡುವ ಕೊಂಬು

ಬಿಷ್ಕೆಕ್, ಶುಕ್ರವಾರ

ಅತ್‌ಬಾಶಿಯ ಬುರುಲ್ ಚಿಕ್ಕಮ್ಮನಿಗೆ, ಪೇಟೆ ಸೇರಿದ ನಿನ್ನ ಕುದುರೆಮರಿ ಎರ್ಮೆಕ್ ತಲೆಬಾಗಿ ಬರೆಯುವುದು.

ತಲೆ ಬಾಗಿರುವುದು ಭಕ್ತಿಗಷ್ಟೇ ಅಲ್ಲ, ತಪ್ಪಿಗೂ. ಫೋನಿನಲ್ಲಾದರೆ ನೀನು ನಡುವೆ ನಗಿಸಿಬಿಡುತ್ತೀಯ, ನಾನು ನುಣುಚಿಕೊಂಡುಬಿಡುತ್ತೇನೆ. ಅದಕ್ಕೇ ಕಾಗದ.

ನನ್ನ ಕೆಲಸ ಏನೆಂದು ಊರವರು ಕೇಳಿದರೆ, "ಕಂಪ್ಯೂಟರಲ್ಲಿ ಬಣ್ಣ ಬಳೀತಾನೆ, ಪಾಪ, ಗೋಡೆ ಸಿಕ್ಕಿಲ್ಲ" ಅನ್ನುತ್ತೀಯಂತೆ. ಸುಳ್ಳೇನಲ್ಲ. ಈ ವರ್ಷ ಕುದುರೆಮಾಂಸದ ಸಾಸೇಜಿನ ಪೊಟ್ಟಣ ಮಾಡಿದೆ. ಮೇಲಿನ ಕುದುರೆ ನಗುತ್ತಿರಬೇಕಂತೆ. ತನ್ನನ್ನೇ ತಿನ್ನುವವರನ್ನು ಕಂಡು ಯಾವ ಕುದುರೆ ನಗುತ್ತದೆ? ನಗಿಸಿದೆ. ಒಬ್ಬ ಕುಸ್ತಿಪಟುವಿನ ಲಗ್ನಪತ್ರಿಕೆ ಮಾಡಿದೆ. ವಧುವಿಗಿಂತ ಪದಕಗಳು ದೊಡ್ಡವಿರಬೇಕಿತ್ತು. ಆಮೇಲೆ ಹಲ್ಲಿನ ಡಾಕ್ಟರಿಗೊಂದು ಬೋರ್ಡು. ಒಟ್ಟಿನಲ್ಲಿ ವಿನ್ಯಾಸಕ್ಕಿಂತ ಆಯಾಸವೇ ಹೆಚ್ಚು.

ಆ ಬೋರ್ಡನ್ನು ಬೇಸಿಗೆಯಲ್ಲಿ ನಿನಗೆ ತೋರಿಸಿದ್ದೆ. ನೀನು ಫೋನನ್ನು ದೂರ ಹಿಡಿದು ನೋಡಿ, "ಹಲ್ಲು ಚೆನ್ನಾಗಿದೆ. ಕತ್ತರಿಸಿದ್ಮೇಲೆ ಉಳಿದದ್ದು ಎಲ್ಲೋ?" ಅಂದೆ. ನಾನು ನಕ್ಕೆ. ನೀನು ಕೆಂಪು ಉಣ್ಣೆಹಾಸಿನ ಮೇಲೆ ಕಪ್ಪನ್ನು ಹರಡಿ ಎರಡನ್ನೂ ಒಂದೇ ಚಾಕುವಿನಲ್ಲಿ ಕೊಂಬಿನ ಆಕಾರಕ್ಕೆ ಕೊಯ್ದೆ. ಕೆಂಪು ಕೊಂಬು ಕಪ್ಪಿನ ಕಿಂಡಿಗೆ, ಕಪ್ಪಿನದು ಕೆಂಪಿನದಕ್ಕೆ. ಒಂದೇ ಕೊಯ್ತಕ್ಕೆ ಎರಡು ಶಿರ್ದಾಕ್ ಹಾಸು, ಚೂರೂ ವ್ಯರ್ಥವಿಲ್ಲ. ಕಾಲೇಜು ಐದು ವರ್ಷ ಹೇಳಲು ಹೆಣಗಿದ್ದನ್ನು ನೀನು ಚಹಾ ಆರುವುದರೊಳಗೆ ಹೇಳಿ ಮುಗಿಸಿದ್ದೆ. ಪೇಟೆಗೆ ಮರಳಿದವನೇ ಗಿರಾಕಿಗಳನ್ನು ಬದಿಗಿಟ್ಟು ಜೋಡಿ ಪೋಸ್ಟರುಗಳನ್ನು ಮಾಡಿದೆ: ಒಂದರ ತೂತೇ ಇನ್ನೊಂದರ ಚಿತ್ರ. ಅವುಗಳ ಪ್ರದರ್ಶನಕ್ಕೆ ಹನ್ನೊಂದು ಜನ ಬಂದರು, ಅದರಲ್ಲಿ ಇಬ್ಬರು ಹೀಟರು ಹುಡುಕಿಕೊಂಡು.

ಇನ್ನೊಬ್ಬ ಬ್ಯಾಂಕಿನ ಮ್ಯಾನೇಜರು. ಬ್ಯಾಂಕಿಗೆ ಹೊಸ ಗುರುತು ಬೇಕು, ನೋಡಿದವರಿಗೆ ಮನೆ ನೆನಪಾಗಬೇಕು ಅಂದ. ನನಗೆ ನೆನಪಾದದ್ದು ನಿನ್ನ ಮನೆ. ಎಲ್ಲರ ಹಾಸಿನಲ್ಲೂ ಟಗರಿನ ಕೊಂಬು ಒಳಕ್ಕೆ ಸುರುಳಿ ಸುತ್ತುತ್ತದೆ; ನಿನ್ನದು ಮಾತ್ರ ತುದಿಯಲ್ಲಿ ಒಮ್ಮೆ ಹಿಂತಿರುಗಿ ನೋಡುತ್ತದೆ. ಅದನ್ನೇ ಎತ್ತಿದೆ, ಚಿಕ್ಕಮ್ಮ. ನನ್ನದೆಂದು ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾಚಿಕೆಯಿಲ್ಲದೆ ನಾನೂ.

ಕರಾರಿನ ಮೂರನೆಯ ಪುಟದಲ್ಲಿ ಒಂದು ಸಾಲಿತ್ತು: ಈ ಚಿತ್ರ ಇನ್ನು ಬ್ಯಾಂಕಿನದು, ಬೇರೆ ಯಾರೂ ಮಾಡುವಂತಿಲ್ಲ, ಮಾರುವಂತಿಲ್ಲ. ಅಂದರೆ ನೀನೂ. ನಿನ್ನ ಕೊಂಬನ್ನು ನೀನು ಕೊಯ್ದರೆ ನೀನೇ ಕಳ್ಳಿ.

ಸಹಿ ಹಾಕದೆ ಸೋಮವಾರ ಮ್ಯಾನೇಜರ ಬಳಿ ಹೋಗಿ ಇದು ನನ್ನದಲ್ಲ ಅಂದೆ.

"ಮತ್ತೆ ಯಾರದಪ್ಪಾ?"

"ನಮ್ಮ ಚಿಕ್ಕಮ್ಮಂದು."

ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ಸರಿ, ಅವರ ಸಹಿ ತಗೊಂಬಾ. ದುಡ್ಡೂ ಅವರಿಗೇ" ಅಂದ. ಸಣ್ಣ ದುಡ್ಡಲ್ಲ. ನಿನ್ನ ಕಣ್ಣಿನ ಪೊರೆ ತೆಗೆಸಬಹುದು, ಸೋರುವ ಛಾವಣಿ ಬದಲಿಸಬಹುದು, ಮೇಲೊಂದು ಹಸು.

ಕರಾರನ್ನು ಇದರ ಜೊತೆ ಇಟ್ಟಿದ್ದೇನೆ. ಸಹಿ ಹಾಕಿದರೆ ಆ ಕೊಂಬನ್ನು ಇನ್ನು ನೀನು ಕೊಯ್ಯುವಂತಿಲ್ಲ, ನಿನ್ನ ಬಳಿ ಕಲಿಯುವ ಹುಡುಗಿಯರೂ ಅಷ್ಟೆ. ಹಾಕದಿದ್ದರೆ ಛಾವಣಿ ಸೋರುತ್ತದೆ. ನನ್ನ ಆಸೆ ಯಾವುದೆಂದು ಬರೆಯುವುದಿಲ್ಲ. ನಿನ್ನನ್ನು ಕೇಳದೆ ಒಮ್ಮೆ ತೀರ್ಮಾನ ಮಾಡಿದ್ದೇ ಸಾಕು. ಕ್ಷಮಿಸು ಎಂದಷ್ಟೇ ಬರೆಯುತ್ತೇನೆ.

ಹಾಂ, ಕರಾರು ಆರು ಹಾಳೆ, ಒಂದೇ ಬದಿ ಅಚ್ಚು, ರಟ್ಟಿನಂಥ ಕಾಗದ. ಸಹಿ ಬೇಡವೆನಿಸಿದರೆ ಒಲೆಗೆ ಹಾಕಬೇಡ. ಮಗುಚಿ, ಬಿಳೀ ಬದಿಯಲ್ಲಿ ಕೊಂಬು ಬರೆದು ಹುಡುಗಿಯರಿಗೆ ಕೊಡು. ಕೊಯ್ಯಲು ಇಷ್ಟು ಗಟ್ಟಿ ಮಾದರಿ ಅತ್‌ಬಾಶಿಯಲ್ಲೆಲ್ಲೂ ಸಿಗದು.

ನಿನ್ನ ಚಾಕು ಹರಿತವಾಗಿರಲಿ, ಮೊಣಕಾಲು ಹಗುರವಾಗಿರಲಿ. ಕೋಪ ಇಳಿದ ದಿನ ಅಂಗೈ ಎತ್ತಿ ನನಗೂ ಒಂದು ಹಾರೈಕೆ ಹೇಳು.

ನಿನ್ನ
ಎರ್ಮೆಕ್