ಮಾನ್ಯಳ ಫಾರಂ

ಜೂನ್ 12, ಗುರುವಾರ. ಮಧ್ಯಾಹ್ನ 3.40

ಹನ್ನೊಂದು ಮಕ್ಕಳ ತೂಕ ಆಯಿತು. ಇಬ್ಬರು ಬಂದಿಲ್ಲ. ಮೊಟ್ಟೆ ಹಂಚಿದ್ದಾಯಿತು. ಫೋಟೋ ಅಪ್‌ಲೋಡ್ ಆಗಲಿಲ್ಲ, ನೆಟ್‌ವರ್ಕ್ ಇಲ್ಲ. ಸಂಜೆ ಕೆರೆ ಏರಿ ಮೇಲೆ ನಿಂತು ಮಾಡಬೇಕು.

ಹೊಳೆನರಸೀಪುರದಿಂದ ಮಕ್ಕಳ ತಪಾಸಣೆಯ ಗಾಡಿ ಬಂದಿತ್ತು. ಡಾಕ್ಟರ್ ಹೊಸಬರು, ಚಿಕ್ಕ ವಯಸ್ಸು. ಒಬ್ಬೊಬ್ಬರದೇ ಹಲ್ಲು, ಕಣ್ಣು, ಕಿವಿ. ನಾನು ಹೆಸರು ಕೂಗುವುದು, ಮಕ್ಕಳು "ಬಂದೆ ಮಿಸ್" ಅಂತ ಓಡಿ ಬರುವುದು. "ಮಾನ್ಯ" ಎಂದೆ. ಮತ್ತೊಂದು ಸಲ ಎಂದೆ. ಕೊನೆಗೆ ನಮ್ಮ ಅಂಗನವಾಡಿ ಸಹಾಯಕಿ ಬಸವಲಿಂಗಮ್ಮನೇ ಹೋಗಿ ಎತ್ತಿಕೊಂಡು ಬಂದಳು.

ಡಾಕ್ಟರ್ ಅವಳನ್ನು ತುಂಬ ಹೊತ್ತು ನೋಡಿದರು. "ಟೀಚರ್, ಈ ಮಗು ನಾವು ಬಂದಾಗಿಂದ ಬಾಗಿಲ ಹತ್ರಾನೇ ಕೂತಿದೆ. ಮುಚ್ಚಳಗಳನ್ನ ಸಾಲಾಗಿ ಇಡ್ತಾ ಇದೆ, ಅಷ್ಟೇ. ಇದರ ತಾಯಿನ ಕರೆಸ್ತೀರಾ? ಸ್ವಲ್ಪ ಮಾತಾಡ್ಬೇಕು."

"ನಾನೇ ಮೇಡಂ."

ಪೆನ್ನು ಕೆಳಗಿಟ್ಟರು. ಬಸವಲಿಂಗಮ್ಮ ಪಾತ್ರೆ ತೊಳೆಯುವ ನೆಪದಲ್ಲಿ ಆಚೆ ಹೋದಳು.

ಮೊದಲು ಕಿವಿ ಪರೀಕ್ಷೆ, ಆಮೇಲೆ ಹಾಸನದಲ್ಲಿ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರ — ಚೀಟಿ ಬರೆದುಕೊಟ್ಟರು. ಒಂಬತ್ತು ವರ್ಷದಿಂದ ಇದೇ ಕೆಲಸ ನನ್ನದು. ಯಾವ ತಿಂಗಳಿಗೆ ಕೂರಬೇಕು, ಯಾವ ತಿಂಗಳಿಗೆ ಎರಡು ಪದ ಆಡಬೇಕು, ಎಲ್ಲ ಬಾಯಿಪಾಠ. ಅದೇ ಚಾರ್ಟ್ ನನ್ನ ತಲೆಯ ಹಿಂದಿನ ಗೋಡೆಯಲ್ಲಿದೆ.

ಮಾನ್ಯಳಿಗೆ ಮುಂದಿನ ತಿಂಗಳು ನಾಲ್ಕು ತುಂಬುತ್ತದೆ.

ಜೂನ್ 13, ಶುಕ್ರವಾರ. ಬೆಳಿಗ್ಗೆ

ಇವರಿಗೆ ಹೇಳಿದೆ. ಹಾಲಿನ ಡೇರಿಗೆ ಹೊರಟಿದ್ದವರು ಚೀಟಿ ತೆಗೆದುಕೊಂಡು ಎರಡು ಸಲ ಓದಿ ಶರ್ಟಿನ ಜೇಬಿಗೆ ಇಟ್ಟರು. "ನೋಡಾಣ" ಅಂದರು. ಡೇರಿ ಸೆಕ್ರೆಟರಿ ಸುನೀಲ್‌ಕುಮಾರ್ ಊರಿಗೆಲ್ಲ ಬಾಯಿ ತುಂಬ ಮಾತಾಡುತ್ತಾರೆ. ಮನೆಯಲ್ಲಿ "ನೋಡಾಣ".

ಅತ್ತೆ ಒಲೆ ಮುಂದಿನಿಂದಲೇ ಅಂದರು, "ನಿನ್ ಗಂಡ ಮಾತಾಡಿದ್ದೇ ನಾಕು ವರ್ಸುಕ್ಕೆ. ಮಾತು ಬತ್ತದೆ ಬುಡವ್ವ. ಆಸ್ಪತ್ರೆ ಗೀಸ್ಪತ್ರೆ ಅಂತ ಕೂಸ್ನ ಎದುರ್ಸ್‌ಬ್ಯಾಡ."

ಒಳಗೊಳಗೇ ಕೋಪ. ಅತ್ತೆಗೆ ಯಾವುದೂ ಕಾಣುವುದಿಲ್ಲ.

ಜೂನ್ 24, ಮಂಗಳವಾರ

ಹಾಸನದಲ್ಲಿ ಕಿವಿ ಪರೀಕ್ಷೆ. ಮಲಗಿಸಿ ತಲೆಗೆ ವೈರ್ ಅಂಟಿಸಿ ನೋಡಿದರು. ಎರಡೂ ಕಿವಿ ಚೆನ್ನಾಗಿವೆ.

ಮಗುವಿನ ಕಿವಿ ಕೇಳದಿರಲಿ ದೇವರೇ ಎಂದು ಬೇಡಿಕೊಂಡು ಕೂತ ತಾಯಿ ನಾನೊಬ್ಬಳೇ ಇರಬೇಕು. ಮೆಷಿನ್ ಹಾಕಿಸಿ ಮುಗಿಸಬಹುದಿತ್ತು.

ಜುಲೈ 3, ಗುರುವಾರ. ಸಂಜೆ 5

ಎಂಟೊಂಬತ್ತು ದಿನ ಬರೆಯಲಿಲ್ಲ. ಆ ಕೇಂದ್ರಕ್ಕೆ ಫೋನ್ ಮಾಡಲಿಲ್ಲ ಕೂಡ. ನಂಬರ್ ಒತ್ತುವುದು, ಕಟ್ ಮಾಡುವುದು. ಇವತ್ತು ಅವರೇ ಮಾಡಿದರು. ಇವರು ನನಗೆ ಹೇಳದೆ ನಂಬರ್ ಕೊಟ್ಟಿದ್ದಾರೆ! ನೋಡಾಣ ಅಂದವರು.

ಫೋನಿನಲ್ಲಿದ್ದವರು ಸೌಜನ್ಯ ಅಂತ. ಬಿಹೇವಿಯರ್ ಥೆರಪಿಸ್ಟ್, ಮಕ್ಕಳ ನಡವಳಿಕೆ ನೋಡಿ ಕಲಿಸುವವರು. ಗಡಿಬಿಡಿ ಇಲ್ಲದ ದನಿ. ತಾಯಿ ಕಾರ್ಡ್ ತನ್ನಿ, ಕಿವಿ ರಿಪೋರ್ಟ್ ತನ್ನಿ, ಅವಳಿಗೆ ಇಷ್ಟವಾದ ಆಟದ ಸಾಮಾನು, ಇಷ್ಟವಾದ ತಿಂಡಿ ತನ್ನಿ. ಫೋನಿನಲ್ಲಿ ಎರಡು ವಿಡಿಯೋ. "ಚೆನ್ನಾಗಿ ಆಡ್ತಿರೋದು ಒಂದು, ತುಂಬ ಅಳ್ತಿರೋದು ಒಂದು. ಅಳು ನಿಲ್ಸಿ ತೆಗೀಬೇಡಿ. ಇದ್ದ ಹಾಗೇ ಬೇಕು."

"ಸೂಜಿ ಏನಾದ್ರೂ..." ಎಂದೆ.

"ಏನೂ ಇಲ್ಲಮ್ಮ. ಅವಳ ಜೊತೆ ಆಡ್ತೀವಿ, ನಿಮ್ಮ ಜೊತೆ ಮಾತಾಡ್ತೀವಿ. ಎರಡು ಮೂರು ಗಂಟೆ ಆಗುತ್ತೆ. ಮನೇಲಿ ಅವಳ ಜೊತೆ ಜಾಸ್ತಿ ಹೊತ್ತು ಯಾರಿರ್ತಾರೋ ಅವರೂ ಬರ್ಲಿ."

ಜಾಸ್ತಿ ಹೊತ್ತು ಇರುವವರು ಅತ್ತೆ. ಮಧ್ಯಾಹ್ನದ ಮೇಲೆ ಅವಳು ಅಂಗನವಾಡಿಯಲ್ಲಿ ನಿಲ್ಲುವುದಿಲ್ಲ. ಅತ್ತೆ ಬಂದು ಕರೆದುಕೊಂಡು ಹೋಗುತ್ತಾರೆ. ಹಾಸನಕ್ಕೆ ಬಂದು "ನಮ್ ಕೂಸ್ಗೇನಾಗದೆ" ಅಂತ ಜಗಳ ತೆಗೆದರೆ? ಕರೆಯುವುದು ಬೇಡ ಅಂದುಕೊಂಡೆ. ಇವರು ಆಗಲೇ ಅತ್ತೆಗೆ ಹೇಳಿಬಿಟ್ಟಿದ್ದಾರೆ.

ಜುಲೈ 5, ಶನಿವಾರ. ಮಧ್ಯಾಹ್ನ

ಫಾರಂ ಬಂತು, ವಾಟ್ಸಾಪಿನಲ್ಲಿ. ಪೇಟೆಯಲ್ಲಿ ಪ್ರಿಂಟ್ ತೆಗೆಸಿದೆ. ಆರು ಪುಟ. ಕನ್ನಡದಲ್ಲೇ ಇದೆ.

ಹೆಸರು ಕರೆದರೆ ತಿರುಗುತ್ತದೆಯೇ — ಯಾವಾಗಲೂ, ಕೆಲವೊಮ್ಮೆ, ಇಲ್ಲ.
ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ.
ಬೇರೆ ಮಕ್ಕಳು ಮಾಡಿದ್ದನ್ನು ನೋಡಿ ಮಾಡುತ್ತದೆಯೇ.

ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಈ ಸರ್ಕಲ್‌ನ ಅಂಗನವಾಡಿಗಳಲ್ಲೇ ಇಲ್ಲ ಎಂದು ಸೂಪರ್‌ವೈಸರ್ ಹೇಳುತ್ತಾರೆ. ತುಂಬಿದೆ. ಯಾವಾಗಲೂ. ಕೆಲವೊಮ್ಮೆ. ಕೆಲವೊಮ್ಮೆ. ಯಾವಾಗಲೂ.

ಒಂದು ಸಲ ತಿರುಗಿದ್ದಳು, ಯುಗಾದಿ ದಿನ. ಅದು ಸುಳ್ಳಲ್ಲವಲ್ಲ.

ಜುಲೈ 7, ಸೋಮವಾರ. ಸಂಜೆ 6.15

ಎಲ್ಲಾ ಬರೆದುಬಿಡಬೇಕು. ಮರೆಯುವ ಮೊದಲು.

ಎಂಟು ಗಂಟೆ ಬಸ್ಸಿಗೆ ನಾನು, ಅತ್ತೆ, ಮಾನ್ಯ ಮೂವರೂ ಹೋದೆವು. ಕಿಟಕಿ ಪಕ್ಕ ಅವಳು ಸುಮ್ಮನಿದ್ದಳು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಹಾರ್ನ್ ಶುರುವಾದ ಕೂಡಲೇ ಅತ್ತೆ ಸೆರಗು ಬಿಚ್ಚಿ ಅವಳ ತಲೆ, ಕಿವಿ ಸುತ್ತಿ ಹೆಗಲಿಗೆ ಒರಗಿಸಿಕೊಂಡರು. ಬಿಸಿಲಿಗೆ ಅಂದುಕೊಂಡೆ.

ಆಸ್ಪತ್ರೆಯ ಹಾಗಿರಲಿಲ್ಲ. ನೆಲಕ್ಕೆ ಮ್ಯಾಟ್, ಗಿಡ್ಡ ಮೇಜು, ಗೋಡೆ ಖಾಲಿ. ಸೌಜನ್ಯ ಕಾಟನ್ ಚೂಡಿದಾರ್ ಹಾಕಿಕೊಂಡು ನೆಲದ ಮೇಲೇ ಕೂತಿದ್ದರು. ಮಾನ್ಯಳನ್ನು ಕರೆಯಲೇ ಇಲ್ಲ. ಕಾಲು ಗಂಟೆ ಅವಳ ಪಾಡಿಗೆ ಬಿಟ್ಟರು. ನಾವು ತಂದಿದ್ದ ಮುಚ್ಚಳ ಅವಳು ಸಾಲಿಟ್ಟರೆ, ಅವರೂ ಒಂದು ತೆಗೆದುಕೊಂಡು ಕೊನೆಗೆ ಇಟ್ಟರು. ಅವಳು ಅದನ್ನು ತೆಗೆದು ಒರೆಸಿ ಮತ್ತೆ ಅಲ್ಲೇ ಇಟ್ಟಳು. ಸೌಜನ್ಯ ನಕ್ಕು ಏನೋ ಬರೆದುಕೊಂಡರು.

ನನಗೆ ತಡೆಯಲಿಲ್ಲ. "ಪಾಪು, ಆಂಟಿಗೆ ಟಾಟಾ ಮಾಡು. ಮನೇಲಿ ಮಾಡ್ತಾಳೆ ಮೇಡಂ. ಪಾಪು, ಒಂದು ಎರಡು ಹೇಳು..."

"ನೇತ್ರಾವತಿಯವರೇ, ಮಾಡಿಸ್ಬೇಡಿ. ಅವಳಾಗೇ ಏನು ಮಾಡ್ತಾಳೋ ಅದೇ ಸಾಕು ನಂಗೆ."

ಸೋಪಿನ ಗುಳ್ಳೆ ಊದಿದರು. ಕುಣಿದಳು. ನಿಲ್ಲಿಸಿ ಕಾದರು. ಅವಳು ಡಬ್ಬಿಯನ್ನೇ ನೋಡುತ್ತಾ ನಿಂತಳು, ಅವರ ಮುಖ ನೋಡಲಿಲ್ಲ. ಆಮೇಲೆ ಬಿಸ್ಕತ್ತು ಹಾಕಿ ಬಿಗಿ ಮುಚ್ಚಿದ ಡಬ್ಬಿ. ತೆಗೆಯಲು ನೋಡಿದಳು, ಆಗಲಿಲ್ಲ. ಸೌಜನ್ಯ ಅವರ ಮಣಿಕಟ್ಟು ಹಿಡಿದು ಮುಚ್ಚಳದ ಮೇಲೆ ಒತ್ತಿದಳು, ಇಕ್ಕಳ ಹಿಡಿದ ಹಾಗೆ. ಅವರು ಕೈ ಸಡಿಲ ಬಿಟ್ಟು ಕಾದರು. ಅವಳ ತುಟಿ ನಡುಗಿತು. ಎರಡು ಸಲ ಎದ್ದೆ ತೆಗೆದುಕೊಡೋಣ ಎಂದು. ಎರಡು ಸಲವೂ ಅಂಗೈ ತೋರಿಸಿ ಕೂರಿಸಿದರು. ಅತ್ತಳು. ಆಗ ತಾವೇ ತೆಗೆದು "ಬಿಸ್ಕತ್" ಅಂತ ನಿಧಾನ ಹೇಳಿ ಕೈಗೆ ಕೊಟ್ಟರು. ನಾಲ್ಕು ನಿಮಿಷ ಇರಬಹುದು. ನನಗೆ ಹೆರಿಗೆ ನೋವಿಗಿಂತ ಉದ್ದ.

ಆಮೇಲೆ ನಮ್ಮ ಸರದಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು, ಯಾವಾಗ ಅಳುತ್ತಾಳೆ, ಅಳುವ ಮುಂಚೆ ಏನಾಗಿರುತ್ತದೆ, ಅತ್ತ ಮೇಲೆ ನೀವೇನು ಮಾಡುತ್ತೀರಿ. ನಾನು ಹೇಳಿದೆ, "ಹಂಗೇನಿಲ್ಲ ಮೇಡಂ. ಎಲ್ಲಾ ಮಕ್ಕಳ ಹಾಗೇ. ಸ್ವಲ್ಪ ಹಠ."

ಅತ್ತೆ ಕೆಮ್ಮಿದರು. ಬಂತು ಜಗಳ ಅಂದುಕೊಂಡೆ.

"ಹಠ ಅಲ್ಲ ಮೇಡಮ್ನೋರೆ. ಇಟ್ಟಿನ ಮಿಲ್ ಸದ್ದು ಆಗಕ್ಕಿಲ್ಲ ಅವ್ಳಿಗೆ. ಅದ್ಕೇ ನಾನು ಕೆರೆ ಏರಿ ಮ್ಯಾಲೆ ಸುತ್ತಾಕ್ಕಂಡು ಮನೀಗೆ ಕರ್ಕಂಡೋಯ್ತೀನಿ. ಅನ್ನುಕ್ಕೆ ಸಾರು ತಾಕುದ್ರೆ ಮುಟ್ಟಕ್ಕಿಲ್ಲ. ಬ್ಯಾರೆ ಬಟ್ಲಲ್ಲಿ ಇಕ್ಬೇಕು. ಅಂಗಿ ಕತ್ತಿನ ಪಟ್ಟಿ ಚುಚ್ತದೆ, ಕುಯ್ದ್ ಬಿಸಾಕ್ತೀನಿ. ಅತ್ತಾಗ ಎತ್ಕಬಾರ್ದು. ಎತ್ಕಂಡ್ರೆ ಜಾಸ್ತಿ ಆಯ್ತದೆ. ಒಂದು ದುಪ್ಟಿ ಕೊಟ್ಟು ಮಗ್ಗುಲಲ್ಲಿ ಸುಮ್ಕೆ ಕುಂತ್ಕಬೇಕು. ಆಮ್ಯಾಕೆ ತಾನೇ ಬಂದು ತೊಡೆ ಮ್ಯಾಲೆ ಮನಿಕತಾಳೆ."

ಸೌಜನ್ಯ ಬರೆಯುವುದನ್ನು ನಿಲ್ಲಿಸಿದರು. "ಇದನ್ನೆಲ್ಲಾ ನಿಮಗೆ ಯಾರು ಹೇಳ್ಕೊಟ್ರು ಅಜ್ಜಿ?"

"ಅವ್ಳೇಯಾ."

"ಎಸ್ರು ಕರುದ್ರೆ ತಿರುಗ್ತಾಳಾ?" ಅಂತ ಅತ್ತೆ ತಾವೇ ಕೇಳಿಕೊಂಡು ತಾವೇ ತಲೆಯಾಡಿಸಿದರು. "ಇಲ್ಲ. ಅದೊಂದ್ ಮಾತ್ರ ನಂಗೂ ಆಗ್ಲಿಲ್ಲ."

ಸೌಜನ್ಯ ಮೇಜಿನ ಮೇಲಿದ್ದ ನನ್ನ ಫಾರಂ ನೋಡಿದರು. ನನ್ನ ದುಂಡು ಅಕ್ಷರ. ಏನೂ ಬಯ್ಯಲಿಲ್ಲ. ಹೊಸ ಫಾರಂ ಒಂದು ತೆಗೆದು ನನ್ನ ಕಡೆ ಸರಿಸಿದರು. "ಮನೆಗೆ ತಗೊಂಡು ಹೋಗಿ, ಇಬ್ಬರೂ ಕೂತು ತುಂಬಿ. ಇದು ಪರೀಕ್ಷೆ ಅಲ್ಲ ನೇತ್ರಾವತಿಯವರೇ, ಅವಳು ಪಾಸಾಗ್ಬೇಕಾಗಿಲ್ಲ. ಅವಳಿಗೆ ಎಲ್ಲಿ ಕಷ್ಟ ಅಂತ ಗೊತ್ತಾದ್ರೆ ತಾನೇ ಅಲ್ಲಿ ಕೈ ಹಿಡಿಯೋಕಾಗೋದು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸ್ ಬಸ್ಸಿನಲ್ಲಿ ಮಾನ್ಯ ನಿದ್ದೆ. ಅತ್ತೆಗೆ ಕೇಳಿದೆ, "ಇಷ್ಟೆಲ್ಲಾ ಗೊತ್ತಿದ್ದೂ ಯಾಕತ್ತೆ ಏನಿಲ್ಲ ಏನಿಲ್ಲ ಅಂತಿದ್ರಿ?"

ಕಿಟಕಿ ಆಚೆ ನೋಡುತ್ತಲೇ ಹೇಳಿದರು. "ಊರ್ ಬಾಯಿ ನಿಂಗೊತ್ತಿಲ್ವಾ? ಕೂಸ್ಗೆ ಏನಾರಾ ಅಂದ್ರೆ ಮೊದ್ಲು ಹೆತ್ತೋಳ್ನೇ ಅನ್ನಾದು. ಕೆಲ್ಸುಕ್ಕೋಯ್ತಾಳೆ, ನೋಡ್ಕಳಕ್ಕಿಲ್ಲ ಅಂತಾರೆ. ನಾನೇ ಏನಿಲ್ಲ ಅಂದ್ರೆ ಯಾವೋಳು ಬಾಯ್ ತಗೀತಾಳೆ? ಅದ್ಕೇ ಅಂದೆ ಕಣವ್ವ."

ಅವಳ ಕಷ್ಟ ಕಣ್ಣಿಗೆ ಬಿದ್ದಾಗಿನಿಂದ ಎರಡು ವರ್ಷ ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಮುಚ್ಚಿಟ್ಟು...

ಜುಲೈ 8, ಮಂಗಳವಾರ. ಬೆಳಿಗ್ಗೆ 7

ಜಗಲಿ ಮೇಲೆ ಕೂತು ಇಬ್ಬರೂ ತುಂಬಿದೆವು. ನಾನು ಓದುವುದು, ಅತ್ತೆ ಹೇಳುವುದು. ಇಲ್ಲ. ಇಲ್ಲ. ಕೆಲವೊಮ್ಮೆ. ಇಲ್ಲ. ಒಂದೊಂದು "ಇಲ್ಲ"ಕ್ಕೂ ಕೈ ಭಾರ. ಮೂರನೇ ಪುಟದಲ್ಲಿ ಅತ್ತೆ ಪೆನ್ನು ಹಿಡಿದ ನನ್ನ ಕೈ ಮೇಲೆ ಕೈ ಇಟ್ಟು, "ನಿದಾನುಕ್ಕೆ ಬರಿ, ಬಸ್ಸೇನ್ ಓಗಕ್ಕಿಲ್ಲ" ಅಂದರು. ನಗು ಬಂತು. ಆಮೇಲೆ ಅಳು.

ಜುಲೈ 19, ಶನಿವಾರ. ಸಂಜೆ

ಆಟಿಸಂ. ಶನಿವಾರ ಬರುವ ದೊಡ್ಡ ಡಾಕ್ಟರೂ ನೋಡಿ ಹೇಳಿದರು. ಇವರೂ ಬಂದಿದ್ದರು.

ಬರೆಯಲು ಆಗುತ್ತಿಲ್ಲ.

ಜುಲೈ 21, ಸೋಮವಾರ. ಮಧ್ಯಾಹ್ನ 4

ರಿಪೋರ್ಟ್ ಇಂಗ್ಲಿಷಿನಲ್ಲಿದೆ. ಮೊನ್ನೆ ಸೌಜನ್ಯ ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿದ್ದರು. ಅವತ್ತು ಕಿವಿಗೆ ಬಿದ್ದಿರಲಿಲ್ಲ. ಇವತ್ತು ಮೆಲ್ಲಗೆ ಓದಿದೆ.

ಮೊದಲ ಪುಟದಲ್ಲಿ ಅವಳಿಗೆ ಬರುವುದೆಲ್ಲ. ಬಣ್ಣ, ಆಕಾರ ಜೋಡಿಸುತ್ತಾಳೆ. ಒಮ್ಮೆ ಹೋದ ದಾರಿ ಮರೆಯುವುದಿಲ್ಲ. ಅಜ್ಜಿಯ ಹತ್ತಿರ ಬೇಗ ಸಮಾಧಾನವಾಗುತ್ತಾಳೆ. ಕಷ್ಟಗಳು ಅದಾದ ಮೇಲೆ. ಕೊನೆಗೆ ಮೊದಲ ಮೂರು ತಿಂಗಳ ಗುರಿ. ಬರೀ ಮೂರು: ಬೇಕಾದ್ದನ್ನು ಕೈ ಚಾಚಿಯೋ ಚಿತ್ರ ಕೊಟ್ಟೋ ಸದ್ದು ಮಾಡಿಯೋ ಕೇಳುವುದು. ಒಂದು ಆಟದಲ್ಲಿ ಇನ್ನೊಬ್ಬರ ಜೊತೆ ಎರಡು ನಿಮಿಷ. ಹೆಸರಿಗೆ ತಿರುಗುವುದು. ನಾನು ನೂರು ಇರುತ್ತದೆ ಅಂದುಕೊಂಡಿದ್ದೆ.

ಇವರು ಅವತ್ತು ಒಂದೇ ಪ್ರಶ್ನೆ ಕೇಳಿದ್ದು. "ಮಾತು ಬತ್ತದಾ ಮೇಡಂ?"

"ಬರುತ್ತೆ ಅಂತ ನಾನು ಭಾಷೆ ಕೊಡಲ್ಲ ಸರ್. ಬರಲ್ಲ ಅಂತಲೂ ಅನ್ನಲ್ಲ. ಬೇಕು, ಬೇಡ ಅಂತ ಹೇಳೋಕೆ ಅವಳಿಗೆ ಒಂದು ದಾರಿ ಮಾಡ್ಕೊಡೋಣ. ಅದಕ್ಕೆ ಮಾತಿಗೆ ಕಾಯಬೇಕಾಗಿಲ್ಲ."

ತಲೆಯಾಡಿಸಿದರು. ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡದೆ ಸುಮ್ಮನೆ ಕೂತಿದ್ದರು. "ಡೇರೀಲಿ ಹಾಲಿನ ಕೂಲರ್‌ಗೆ ಕಿವಿ ಕೊಟ್ಕೊಂಡು ನಿಂತ್ಕತಾಳಲ್ಲ, ಜನ ನೋಡ್ತಾರೆ ಅಂತ ಎಷ್ಟ್ ಸಲ ಎಳ್ಕಂಡ್ ಬಂದಿದ್ದೀನಿ ನೇತ್ರಾ. ಅವ್ಳಿಗೆ ಆ ಸದ್ದು ಇಷ್ಟ ಅಂತೆ. ಅಷ್ಟೇ ಅಂತೆ." ಆಮೇಲೆ ಕರ್ಚೀಫಿನಿಂದ ಹೆಲ್ಮೆಟ್ಟಿನ ಗಾಜು ಒರೆಸಿದರು. ಗಾಜು ಚೆನ್ನಾಗೇ ಇತ್ತು.

ಜುಲೈ 24, ಗುರುವಾರ

ತಾಯಂದಿರ ಮೀಟಿಂಗ್. ನಾನೇ ಹೇಳಿದೆ, ಯಾರಾದರೂ ಕೇಳುವ ಮೊದಲು. ಮಾನ್ಯಳಿಗೆ ಆಟಿಸಂ ಇದೆ, ಮುಂದಿನ ತಿಂಗಳಿಂದ ಹಾಸನಕ್ಕೆ ವಾರಕ್ಕೆ ಎರಡು ದಿನ ಹೋಗುತ್ತೇವೆ, ಉಳಿದ ದಿನ ಮನೆಯಲ್ಲಿ ನಾವೇ ಕಲಿಸುತ್ತೇವೆ. ಹಿಂದೆ ಯಾರೋ "ಫೋನ್ ಕೊಟ್ರೆ ಇಂಗೇಯ" ಅಂದಳು. ಮಗುವನ್ನು ಕರೆದೊಯ್ಯಲು ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತು, "ಕೂಸಿರಾದು ನನ್ ತಾವ, ನಂದು ಒತ್ತೋ ಫೋನು ಕಣಮ್ಮಿ, ಅದ್ರಲ್ಲಿ ಬಟನ್ನೇ ಬಿದ್ದೋಗವೆ" ಅಂದರು. ಎಲ್ಲರೂ ನಕ್ಕರು.

ಮೀಟಿಂಗ್ ಮುಗಿದ ಮೇಲೆ ಮೇಲಿನ ಬೀದಿಯ ಭಾಗ್ಯಲಕ್ಷ್ಮಿ ನಿಂತೇ ಇದ್ದಳು. ಎರಡೂವರೆ ವರ್ಷದ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು. "ಮಿಸ್, ಆ ನಂಬರ್ ನಂಗೂ ಒಸಿ ಕೊಡ್ತೀರಾ?" ಅಂದಳು, ಅಕ್ಕಪಕ್ಕ ನೋಡಿಕೊಂಡು. ಕೊಟ್ಟೆ. ಫಾರಂ ತುಂಬುವಾಗ ನಾನು ಜೊತೆಗಿರುತ್ತೇನೆ ಎಂದೆ.

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 10.50. ಹಾಸನ

ಮೊದಲ ಕ್ಲಾಸ್. ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅರ್ಧ ಗಂಟೆ ಮಾನ್ಯ ಒಬ್ಬಳೇ ಒಳಗೆ. ಮೊದಲು ಅಳು ಕೇಳಿಸಿತು. ಈಗ ಇಲ್ಲ. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಚಪ್ಪಲಿ. ಯಾವಾಗ ಒಳಗೆ ಕರೆಯುತ್ತಾರೋ ಎಂದು ಬಿಚ್ಚಿಕೊಂಡು ರೆಡಿ ಆಗಿದ್ದಾರೆ. ಎಡಗಾಲು ಅಲ್ಲಾಡಿಸುತ್ತಲೇ ಇದ್ದಾರೆ. ಅತ್ತೆಗೂ ಭಯವಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಗುಳ್ಳೆ ಊದುತ್ತಿದ್ದಾರೆ ಅನ್ನಿಸುತ್ತದೆ. ನಗು. ಅವಳದೇ. ಎಷ್ಟು ಜೋರು!

ಬಾಗಿಲು ತೆರೆಯಿತು. ಸೌಜನ್ಯ. "ಇನ್ನು ನೀವು ಬಂದು ನೆಲದ ಮೇಲೆ ಕೂತು ಆಡ್ಬೇಕು. ಇವತ್ತು ಒಬ್ಬರು ಸಾಕು, ಯಾರು ಬರ್ತೀರಾ?"

ಅತ್ತೆಯನ್ನು ನೋಡಿದೆ. ಅವರು ನನ್ನನ್ನು. "ನೀವು ಹೋಗಿ ಅತ್ತೆ" ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಎರಡು ಹೆಜ್ಜೆ ಹೋದರು. ತಿರುಗಿ ಬಂದು ಈ ಪುಸ್ತಕದ ಮೇಲೆಯೇ ಕೈ ಇಟ್ಟು, "ಏಳವ್ವ, ನೀನು ಓಗು. ಕೂಸು ನಿನ್ ಜೊತೆ ಆಡ್ಲಿ" ಅಂದರು. ಪುಸ್ತಕ ಮುಚ್ಚಿ ಒಳಗೆ ಹೋಗುತ್ತಿದ್ದೇನೆ.