ಪಕ್ಕದ ಮನೆಗೊಂದು ತಾಮ್ರದ ಹೂವಿನ ಕುಡಿ

ಹದಿಮೂರನೆಯ ತಿಂಗಳು, ಮೂವತ್ತಾರನೆಯ ತಾರೀಖು, ಇಸವಿ ಎರಡು ಸಾವಿರದ ನೂರಾ ತೊಂಬತ್ತೊಂದು. ರಾಣೆಬೆನ್ನೂರು.

ತಿರಕವ್ವಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗನ ಮೊಮ್ಮಗ ಅಡಿವೆಪ್ಪ ಮಾಡುವ ಶರಣು.

ತಾರೀಖು ನೋಡಿ ಕಾಗದವನ್ನು ಒಲೆಗೆ ಹಾಕಬೇಡಿ. ಬೇಸಿಗೆ ಉದ್ದವಾಗುತ್ತ ಹೋಗಿ ಮಳೆಯ ಹೆಸರುಗಳೆಲ್ಲ ಜಾಗ ತಪ್ಪಿದ ಮೇಲೆ ನಮ್ಮ ಹಿರಿಯರು ಪಂಚಾಂಗವನ್ನೇ ಬಿಚ್ಚಿ ಹೊಲಿದರು. ಉಳಿದ ತುಂಡಿಗೆ ‘ಬೆವರುಮಾಸ’ ಎಂದು ಹೆಸರಿಟ್ಟರು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಅಕ್ಷರ ಮಾತ್ರ ಮುತ್ತಿನಂತಿವೆ. ಅದನ್ನು ನನ್ನ ಬೆನ್ನಿಗೆ ಬಾರಿಸಿದ ಮಾಸ್ತರರೇ ಒಪ್ಪಿಕೊಂಡಿದ್ದರು.

ಈ ಕಾಗದ ‘ಹಿಂದಂಚೆ’ಯಲ್ಲಿ ಬರುತ್ತದೆ. ಅದು ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ನೀವು ಅಲ್ಲಿ ಮಾಡಿದ್ದು, ಕಾಗದ ಹಾಕಿದ ಮರುದಿನ ಬೆಳಗ್ಗೆ ಇಲ್ಲಿ ಕಾಣುತ್ತದೆ ಎನ್ನುತ್ತಾರೆ. ಓದಿದವರು ರೋಗ, ಯುದ್ಧಗಳ ಕುರಿತು ಎಚ್ಚರಿಸಿ ಬರೆಯುತ್ತಾರೆ. ನಾನು ನಿಮ್ಮ ಹಿತ್ತಲಿನ ಡೇಲಿಲಿ ಹೂಗಿಡದ ಕುರಿತು ಬರೆಯುತ್ತಿದ್ದೇನೆ.

ನಾವು ಅದನ್ನು ‘ಮರಳರಳಿ’ ಎನ್ನುತ್ತೇವೆ. ಒಂದು ಹೂ ಒಂದೇ ದಿನ ಬಾಳಿದರೂ ಗಿಡ ವರ್ಷಕ್ಕೆರಡು ಸಲ ಅರಳುವುದರಿಂದ ಆ ಹೆಸರು. ಬೆಳಗ್ಗೆ ಒಂಬತ್ತು ಗಂಟೆಗೆ ಬಿಸಿಲು ತಡೆಯಲು ಓಣಿಯ ಮೇಲೆಲ್ಲ ‘ನೆರಳುಹಾಸು’ ಎಂಬ ದೊಡ್ಡ ಬಟ್ಟೆ ಬಿಚ್ಚುತ್ತಾರೆ, ಅಷ್ಟರೊಳಗೆ ಸಿಕ್ಕ ಬಿಸಿಲೇ ಗಿಡಕ್ಕೆ ಊಟ. ಇಷ್ಟರಲ್ಲೂ ಹತ್ತೂರಿನಲ್ಲಿ ನನ್ನಷ್ಟು ಹೂ ತೆಗೆದವರಿಲ್ಲ. ನನ್ನ ಹಳದಿ ಹೂ ನೋಡಿ ಹಾವೇರಿಯ ತೋಟಗಾರನೊಬ್ಬ ರುಮಾಲು ಬಿಚ್ಚಿ ಕೈಮುಗಿದ. ಸಾಕ್ಷಿಗಳು ತೀರಿಹೋಗಿದ್ದಾರೆ, ಆದರೂ ಮಾತು ನಿಜ.

ಇನ್ನೊಂದು ಮಾತೂ ನಿಜ, ಅದನ್ನು ನುಂಗಲು ಆಗುತ್ತಿಲ್ಲ. ನೀವು ನೆಟ್ಟ ತಾಮ್ರದ ಬಣ್ಣದ ಗಿಡ ತಲೆಮಾರು ದಾಟಿ ನನ್ನ ಕೈಗೆ ಬಂತು. ಲೋಕದಲ್ಲಿ ಅದೊಂದೇ ಉಳಿದಿತ್ತು. ಮೊದಲ ಹೂ ಮುಗಿದು ದಂಟಿನಲ್ಲಿ ಕಾಯಿ ಕಟ್ಟಿತು. ಬೀಜದಿಂದ ನೂರು ತಾಮ್ರದ ಗಿಡ ಮಾಡಿ, ನನ್ನನ್ನು ಬಡಾಯಿಗಾರನೆನ್ನುವ ಊರ ಬಾಯಿ ಮುಚ್ಚಿಸೋಣವೆಂದು ನಾನು ಕಾಯಿ ಬಲಿಯಲು ಬಿಟ್ಟೆ.

ಅಣ್ಣನ ಮಗಳು ನೀಲಾಂಬಿ ಎಚ್ಚರಿಸಿದಳು: “ಕಾಕಾ, ಕಾಯಿ ಕಟ್ಟಾಕ ಹತ್ತಿದ ಗಿಡ ಮತ್ತ ಹೂ ಎಲ್ಲಿಂದ ಕೊಟ್ಟೀತು? ದಂಟು ಕತ್ತರಸು. ಬುಡ ಒತ್ತಾಗೇತಿ, ಒಡದು ನಾಕು ಮನಿಗಿ ಕೊಡು.”

“ನಾ ಗಿಡಾ ಬೆಳಸೂ ಮುಂದ ನಿಮ್ಮವ್ವ ಇನ್ನೂ ಲಂಗದಾಗ ಇದ್ಲು, ನಡಿ!” ಎಂದೆ.

ಎರಡನೆಯ ಹೂ ಬರಲಿಲ್ಲ. ಇಕ್ಕಟ್ಟಾದ ಬುಡ ಮಳೆಯಲ್ಲಿ ಕೊಳೆತುಹೋಯಿತು. ಬೀಜದಿಂದ ಎದ್ದ ಸಸಿಗಳೆಲ್ಲ ಹಳದಿ ಹೂ ಬಿಟ್ಟವು. ಬೀಜ ತಾಯಿಯ ಬಣ್ಣ ಕಾಯುವುದಿಲ್ಲ, ಬುಡದಿಂದ ಒಡೆದ ಕುಡಿ ಮಾತ್ರ ಕಾಯುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು ಎಂದು ಊರಿಗೆ ಹೇಳಿದ್ದೇನೆ, ನಿಮಗೆ ಹೇಳಲಾರೆ.

ಈಗ ತಾಮ್ರದ ಹೂ ಇತ್ತೆಂದರೆ ಮಕ್ಕಳೂ ನಗುತ್ತವೆ. ಪಕ್ಕದ ಮನೆಯ ಕೊಟ್ರವ್ವನಂತೂ ಗೋಡೆಯ ಮೇಲಿಂದ, “ಅಡಿವೆಪ್ಪಾ, ನಿನ್ನ ಹಿತ್ತಲದಾಗ ಮರಳಿ ಮರಳಿ ಅರಳೂದು ನಿನ್ನ ಬಾಯಿ ಒಂದ!” ಎನ್ನುತ್ತಾಳೆ.

ಆದ್ದರಿಂದ ಅಜ್ಜಿ, ಹೂ ಮುಗಿದ ಕೂಡಲೇ ದಂಟನ್ನು ಬುಡಕ್ಕೆ ಕತ್ತರಿಸಿ, ನೀರು ಗೊಬ್ಬರ ಕೊಡಿ. ಎರಡನೆಯ ಹೂವನ್ನು ಕಣ್ತುಂಬ ನೋಡಿ. ಆಮೇಲೆ ಗಿಡ ಅಗೆದು, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಬೇರುಸಹಿತ ಒಂದು ಕುಡಿಯನ್ನು ಬಲಗಡೆಯ ಮನೆಗೆ ಕೊಡಿ. ಬಚ್ಚಲ ನೀರಿನ ಜಗಳದಿಂದ ಅವರೊಡನೆ ನಿಮಗೆ ಮಾತಿಲ್ಲವೆಂದು ಗೊತ್ತು. ಆ ಜಗಳ ನಮ್ಮವರೆಗೂ ಬಂದಿದೆ. ಕೊಟ್ರವ್ವ ಅವರ ವಂಶದವಳೇ. ನಮ್ಮ ಮನೆಯ ಗಿಡವನ್ನು ನಾನು ಹೇಗೂ ಕೊಲ್ಲುತ್ತೇನೆ. ಅವರ ಹಿತ್ತಲಿಗೆ ನನ್ನ ಕೈ ತಲುಪುವುದಿಲ್ಲ, ಅಲ್ಲಿ ಉಳಿದೀತು.

ನಾಳೆ ನೆರಳುಹಾಸು ಬಿಚ್ಚುವ ಮೊದಲೇ ಅವಳ ಬಾಗಿಲಿಗೆ ಹೋಗುತ್ತೇನೆ. ಅವಳ ಹಿತ್ತಲಲ್ಲಿ ತಾಮ್ರದ ಹೂ ಇದ್ದೇ ಇರುತ್ತದೆ, ಆ ಬಗ್ಗೆ ಅನುಮಾನವಿಲ್ಲ. ಆದರೆ ಬೇಡಿ ಅಭ್ಯಾಸವಿಲ್ಲದ ಬಾಯಿ ಇದು. ಅದಕ್ಕೇ ಈಗಿನಿಂದ ಕನ್ನಡಿಯ ಮುಂದೆ ಹೇಳಿ ನೋಡುತ್ತಿದ್ದೇನೆ: “ಕೊಟ್ರವ್ವಾ, ನಂದ ತಪ್ಪಾತು. ಒಂದ ಕುಡಿ ಕೊಡವಾ.” ಮೂರನೆಯ ಸಲಕ್ಕೆ ಸುಮಾರಾಗಿ ಬಂತು.